ಬಾಸ್ಕರ್‌ವಿಲ್: ದೂರುಗಳನ್ನು ದಾಟಿ ಬಂದ ಅಕ್ಷರ

ಇಂಗ್ಲಿಷ್ ಅಕ್ಷರದ ಗೆರೆ ಮುಗಿಯುವಲ್ಲಿ ಹೊರಚಾಚುವ ಪುಟ್ಟ ಚುಂಚೇ ಸೆರಿಫ್. ಅಂಥ ಅಚ್ಚಕ್ಷರಗಳಲ್ಲಿ ಬಾಸ್ಕರ್‌ವಿಲ್‌ನಷ್ಟು ಚೆಲುವಾದವು ಕಡಿಮೆ.

ಇದರ ಕರ್ತೃ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್. ಬರವಣಿಗೆ ಕಲಿಸುವ ಮೇಷ್ಟ್ರಾಗಿದ್ದ ಆತ ಕಲ್ಲಿನಲ್ಲೂ ಅಕ್ಷರ ಕೆತ್ತುತ್ತಿದ್ದ. ಮೆರುಗೆಣ್ಣೆ ಬಳಿದ ಸಾಮಾನುಗಳ ವ್ಯಾಪಾರದಲ್ಲಿ ಶ್ರೀಮಂತನಾಗಿ, ಆ ಹಣವನ್ನು ಅಚ್ಚುಕೂಟಕ್ಕೆ ಸುರಿದ. 1757ರಲ್ಲಿ ವರ್ಜಿಲ್ ಕವಿಯ ಕೃತಿಗಳು ಹೊರಬಂದವು. 1763ರಲ್ಲಿ ಕೇಂಬ್ರಿಜ್‌ಗಾಗಿ ಬೈಬಲ್. ಅಚ್ಚಿನ ಮೊಳೆ ಮಾತ್ರ ಚೆನ್ನಾಗಿದ್ದರೆ ಅವನಿಗೆ ಸಾಲದು. ಶಾಯಿ ಇನ್ನಷ್ಟು ಕಪ್ಪಾಗಬೇಕು, ಕಾಗದ ನುಣುಪಾಗಬೇಕು. ಅದಕ್ಕೆಂದೇ ಅಚ್ಚಾದ ಹಾಳೆಗಳನ್ನು ಕಾದ ತಾಮ್ರದ ತಗಡುಗಳ ನಡುವೆ ಒತ್ತಿಸುತ್ತಿದ್ದ.

ಈ ಅಕ್ಷರದಲ್ಲಿ ದಪ್ಪ ಗೆರೆಗೂ ಸಣ್ಣ ಗೆರೆಗೂ ಎದ್ದು ಕಾಣುವ ಅಂತರವಿದೆ, ಚುಂಚುಗಳು ಚೂಪಾಗಿವೆ. ದೊಡ್ಡ ‘ಕ್ಯೂ’ಗೆ ಬೀಸಿ ಎಳೆದ ಬಾಲ, ಸಣ್ಣ ‘ಜಿ’ಯ ಕೆಳಸುತ್ತು ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ.

ಈ ತೆಳುಗೆರೆಗಳು ಓದುಗರ ಕಣ್ಣು ಕೆಡಿಸುತ್ತವೆ ಎಂದು ಆಗಿನವರು ದೂರಿದರು. ಸ್ವತಃ ಮುದ್ರಕನಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅಂಥ ಒಬ್ಬ ಟೀಕಾಕಾರನಿಗೆ ಕ್ಯಾಸ್ಲನ್ ಎಂಬ ಬೇರೊಬ್ಬನ ಅಕ್ಷರದ ಹಾಳೆಯನ್ನು, ಹೆಸರು ಹರಿದುಹಾಕಿ, ಬಾಸ್ಕರ್‌ವಿಲ್‌ನದೆಂದು ತೋರಿಸಿದ. ಆತ ಅದರಲ್ಲೇ ದೋಷಗಳನ್ನು ಎತ್ತಿ ತೋರಿಸಿದನಂತೆ! ದೂರುಗಳಲ್ಲಿ ಪೂರ್ವಗ್ರಹವೇ ಹೆಚ್ಚಿತ್ತು ಎನ್ನಲು ಇಷ್ಟು ಸಾಕು.

1775ರಲ್ಲಿ ಬಾಸ್ಕರ್‌ವಿಲ್ ತೀರಿಕೊಂಡ ಮೇಲೆ ಮೊಳೆಗಳು ಫ್ರಾನ್ಸಿನ ನಾಟಕಕಾರ ಬೋಮಾರ್ಷೆಯ ಪಾಲಾಗಿ, ವಾಲ್ಟೇರ್‌ನ ಸಮಗ್ರ ಕೃತಿಗಳಿಗೆ ಒದಗಿದವು. 1923ರಲ್ಲಿ ಮಾನೊಟೈಪ್ ಕಂಪನಿ ಈ ಅಕ್ಷರಕ್ಕೆ ಮರುಜೀವ ಕೊಟ್ಟಿತು. ಉದ್ದನೆಯ ಗದ್ಯಕ್ಕೆ, ಕವನ ಸಂಕಲನಕ್ಕೆ ಇದು ಇಂದಿಗೂ ಹೊಂದುತ್ತದೆ. ಕೆನಡಾ ಸರ್ಕಾರದ ಲಾಂಛನದಲ್ಲಿ ದೇಶದ ಹೆಸರು ಇರುವುದೂ ತುಸು ಮಾರ್ಪಟ್ಟ ಬಾಸ್ಕರ್‌ವಿಲ್‌ನಲ್ಲೇ.