ಮಾಹಿತಿಯ ಕೋರಿಕೆಯೂ ಅಧಿಕಾರಿಯ ಉತ್ತರವೂ

ಸರ್ಕಾರದ ಕಡತವು ಯಾರ ಸ್ವತ್ತೆಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಬಹುಕಾಲ ದೊರೆಯುತ್ತಿದ್ದ ಉತ್ತರ ಒಂದೇ: ಅದು ಸರ್ಕಾರದ ಸ್ವತ್ತು. 1923ರ ಅಧಿಕೃತ ರಹಸ್ಯಗಳ ಅಧಿನಿಯಮವು ಈ ಭಾವನೆಗೆ ಶಾಸನದ ಬಲವನ್ನು ಕೊಟ್ಟಿತ್ತು. ಸಾರ್ವಜನಿಕ ಕಾರ್ಯಗಳನ್ನು ಕುರಿತು ತಿಳಿಯುವ ಹಕ್ಕು ಪ್ರಜೆಗಳಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು ರಾಜ್ ನಾರಾಯಣ್ ಮೊಕದ್ದಮೆಯಲ್ಲಿ ಹೇಳಿದ್ದು 1975ರಲ್ಲಿ. ಈ ತತ್ತ್ವವು ಶಾಸನದ ರೂಪವನ್ನು ತಳೆಯಲು ಇನ್ನೂ ಮೂರು ದಶಕಗಳು ಬೇಕಾದವು. ಕರ್ನಾಟಕವು 2000ದಲ್ಲಿಯೇ ತನ್ನದೇ ಆದ ಅಧಿನಿಯಮವನ್ನು ರಚಿಸಿಕೊಂಡಿತು; ಸಂಸತ್ತಿನ ಮಾಹಿತಿ ಹಕ್ಕು ಅಧಿನಿಯಮವು 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ಈ ಹಕ್ಕಿನ ಇತಿಹಾಸವನ್ನು ಬಲ್ಲವರು ಅನೇಕರು. ಕೋರಿಕೆ ಬಂದ ಮೇಲೆ ಉತ್ತರವನ್ನು ಹೇಗೆ ಕೊಡತಕ್ಕದ್ದು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ವಿಶ್ವವಿದ್ಯಾನಿಲಯಗಳೂ ಈ ಅಧಿನಿಯಮದ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರಗಳೇ ಆದುದರಿಂದ, ಈ ವಿಷಯವನ್ನು ಇಲ್ಲಿ ಕೊಂಚ ವಿವೇಚಿಸಲು ಬಯಸುತ್ತೇವೆ.

ಮೊದಲನೆಯದಾಗಿ, ಅರ್ಜಿದಾರನು ಮಾಹಿತಿಯನ್ನು ಏಕೆ ಕೇಳುತ್ತಾನೆಂದು ಅಧಿಕಾರಿಯು ವಿಚಾರಿಸಲಾಗದು. 6ನೆಯ ಕಲಮಿನ ಪ್ರಕಾರ ಅರ್ಜಿದಾರನು ಕಾರಣವನ್ನು ಹೇಳಬೇಕಾಗಿಲ್ಲ. ಬರೆಯಲು ಬಾರದವನ ಮೌಖಿಕ ಕೋರಿಕೆಯನ್ನು ಬರಹಕ್ಕೆ ಇಳಿಸಲು ನೆರವಾಗುವುದು ಅಧಿಕಾರಿಯ ಕರ್ತವ್ಯವೇ ಆಗಿದೆ. ಬೇಡಿದ ಮಾಹಿತಿಯು ಬೇರೊಂದು ಪ್ರಾಧಿಕಾರದ ಬಳಿ ಇದ್ದರೆ, ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ಕಳುಹಿಸಿ ಅರ್ಜಿದಾರನಿಗೆ ತಿಳಿಸಬೇಕು. ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಅರ್ಜಿಯನ್ನು ಹಿಂದಿರುಗಿಸಿ ಕೈತೊಳೆದುಕೊಳ್ಳುವುದಕ್ಕೆ ಅವಕಾಶವಿಲ್ಲ.

ಎರಡನೆಯದು ಕಾಲದ ಕಟ್ಟಳೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಹೋಗಬೇಕು. ವ್ಯಕ್ತಿಯ ಪ್ರಾಣಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳೊಳಗೆ. ಅವಧಿ ಮೀರಿದರೆ ಮಾಹಿತಿಯನ್ನು ಶುಲ್ಕವಿಲ್ಲದೆ ಒದಗಿಸತಕ್ಕದ್ದು. ಯುಕ್ತ ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಮಾಹಿತಿ ಆಯೋಗವು ದಿನಕ್ಕೆ 250 ರೂಪಾಯಿಗಳಂತೆ, 25,000 ರೂಪಾಯಿಗಳನ್ನು ಮೀರದಂತೆ ದಂಡವನ್ನು ವಿಧಿಸಬಹುದು.

ಮೂರನೆಯದು, ಮತ್ತು ಅತ್ಯಂತ ಮುಖ್ಯವಾದುದು, ನಿರಾಕರಣೆಯ ಕ್ರಮ. ರಾಷ್ಟ್ರದ ಭದ್ರತೆ, ವಾಣಿಜ್ಯ ರಹಸ್ಯ, ತನಿಖೆಗೆ ಅಡ್ಡಿ ಮುಂತಾದ ವಿನಾಯಿತಿಗಳನ್ನು 8ನೆಯ ಕಲಮು ಹೇಳುತ್ತದೆ. ಆದರೆ ಕಲಮಿನ ಸಂಖ್ಯೆಯನ್ನಷ್ಟೆ ಬರೆದು ನಿರಾಕರಿಸಿದರೆ ಅದು ಉತ್ತರವೆನಿಸದು. ನಿರಾಕರಣೆಗೆ ಕಾರಣವೇನು, ಮೇಲ್ಮನವಿಯನ್ನು ಎಷ್ಟು ಕಾಲದೊಳಗೆ ಯಾರಿಗೆ ಸಲ್ಲಿಸಬೇಕು ಎಂಬುದನ್ನು ಅಧಿಕಾರಿಯು ತಿಳಿಸಲೇಬೇಕು. ಒಂದು ಪತ್ರದಲ್ಲಿ ಮುಚ್ಚಿಡಬೇಕಾದ ಎರಡು ಸಾಲುಗಳಿದ್ದರೆ ಅವನ್ನು ಮರೆಮಾಡಿ ಉಳಿದುದನ್ನು ಕೊಡಬೇಕೆಂಬುದು 10ನೆಯ ಕಲಮಿನ ಆಶಯ. ಅದೂ ಅಲ್ಲದೆ, ಮುಚ್ಚಿಡುವುದರಿಂದ ರಕ್ಷಿತವಾಗುವ ಹಿತಕ್ಕಿಂತ ಪ್ರಕಟಿಸುವುದರಿಂದ ಆಗುವ ಸಾರ್ವಜನಿಕ ಹಿತವೇ ಮಿಗಿಲಾದಲ್ಲಿ ವಿನಾಯಿತಿಯುಳ್ಳ ಮಾಹಿತಿಯನ್ನೂ ಕೊಡಬಹುದು. ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹೆಚ್ಚು ವಿಸ್ತಾರಗೊಳಿಸಿದೆಯಾದರೂ, ಸಾರ್ವಜನಿಕ ಹಿತದ ಈ ತೂಕವನ್ನು ಅದು ತೆಗೆದುಹಾಕಿಲ್ಲ. ನಿರಾಕರಣೆ ಯುಕ್ತವೆಂದು ಸಾಧಿಸುವ ಹೊಣೆಯು ಮೇಲ್ಮನವಿಯಲ್ಲಿ ನಿರಾಕರಿಸಿದವನ ಮೇಲೆಯೇ ಇರುತ್ತದೆ.

ಈ ಮಾತುಗಳ ಅರ್ಥವು ನಮ್ಮ ವೃತ್ತಿಗೆ ಸಮೀಪವಾದ ಒಂದು ನಿದರ್ಶನದಿಂದ ವಿಶದವಾಗುತ್ತದೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯ 2008ರ ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯೊಬ್ಬನು ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಗಳನ್ನು ನೋಡಬಯಸಿದನು. ಪತ್ರಿಕೆಗಳನ್ನು ತಾನು ಪರೀಕ್ಷಕರೊಡನೆ ವಿಶ್ವಾಸಾಶ್ರಿತ ಸಂಬಂಧದಲ್ಲಿ ಇಟ್ಟುಕೊಂಡಿರುವೆನೆಂದು ಮಂಡಲಿಯು ವಾದಿಸಿತು. 2011ರ ಆಗಸ್ಟ್ 9ರಂದು ನ್ಯಾಯಮೂರ್ತಿಗಳಾದ ಆರ್. ವಿ. ರವೀಂದ್ರನ್ ಮತ್ತು ಎ. ಕೆ. ಪಟ್ನಾಯಕ್ ಅವರ ಪೀಠವು ಈ ವಾದವನ್ನು ಒಪ್ಪಲಿಲ್ಲ. ಉತ್ತರಪತ್ರಿಕೆಯೂ ‘ಮಾಹಿತಿ’ಯೇ, ಅದನ್ನು ಬರೆದವನಿಗೆ ಅದನ್ನು ನೋಡುವ ಹಕ್ಕುಂಟು. ಆದರೆ ಪರೀಕ್ಷಕನ ಸುರಕ್ಷತೆಗಾಗಿ ಅವನ ಹೆಸರನ್ನೂ ಸಹಿಯನ್ನೂ ಮರೆಮಾಡಬೇಕು. ನೋಡುವ ಹಕ್ಕಿನಿಂದ ಮರುಮೌಲ್ಯಮಾಪನದ ಹಕ್ಕು ತಾನಾಗಿಯೇ ಹುಟ್ಟುವುದಿಲ್ಲ. ನಿಯಮದಂತೆ ಪತ್ರಿಕೆಗಳನ್ನು ಕಾಯ್ದಿಡುವ ಅವಧಿ ಮುಗಿದ ಮೇಲೆ ಅವನ್ನು ಒದಗಿಸುವ ಬಾಧ್ಯತೆಯೂ ಇಲ್ಲ. ಹೀಗೆ ಒಂದೇ ತೀರ್ಪಿನಲ್ಲಿ ತೆರೆಯಬೇಕಾದುದು ಯಾವುದು, ಮುಚ್ಚಬೇಕಾದುದು ಯಾವುದು ಎಂಬ ಎರಡೂ ಅಂಶಗಳು ನಿರ್ಣಯಗೊಂಡವು.

ಆ ತೀರ್ಪಿನ ಇನ್ನೊಂದು ಅಂಶವೂ ಗಮನಾರ್ಹ. ಇರುವ ದಾಖಲೆಯನ್ನು ಕೊಡುವುದು ಅಧಿಕಾರಿಯ ಕರ್ತವ್ಯವೇ ಹೊರತು, ಇಲ್ಲದ ಮಾಹಿತಿಯನ್ನು ಸೃಷ್ಟಿಸುವುದಾಗಲಿ ಅಭಿಪ್ರಾಯವನ್ನೋ ಸಲಹೆಯನ್ನೋ ನೀಡುವುದಾಗಲಿ ಅಲ್ಲ. ಸಾರ್ವಜನಿಕ ಕಾರ್ಯದಲ್ಲಿ ಪಾರದರ್ಶಕತೆಗೆ ಸಂಬಂಧವಿಲ್ಲದ ಕೋರಿಕೆಗಳು ರಾಶಿಯಾಗಿ ಬಿದ್ದು ಕಚೇರಿಗಳ ನಿತ್ಯಕಾರ್ಯವೇ ನಿಲ್ಲುವಂತಾಗಬಾರದೆಂದೂ ನ್ಯಾಯಾಲಯವು ಎಚ್ಚರಿಸಿತು. ಕೇಳುವವನಿಗೂ ವಿವೇಕ ಬೇಕು. ಯಾವ ವರ್ಷದ, ಯಾವ ಕಡತದ, ಯಾವ ಪತ್ರ ಬೇಕೆಂದು ಖಚಿತವಾಗಿ ಬರೆದ ಅರ್ಜಿಗೆ ಖಚಿತವಾದ ಉತ್ತರ ದೊರೆಯುವ ಸಂಭವ ಹೆಚ್ಚು. ಸಂಶೋಧನೆಗಾಗಿ ಈ ಮಾರ್ಗವನ್ನು ಹಿಡಿಯುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡತಕ್ಕದ್ದು.

ಉತ್ತರಗಳು ತಡವಾಗುವುದಕ್ಕೆ ಅಧಿಕಾರಿಯ ಅನಿಚ್ಛೆಯೊಂದೇ ಕಾರಣವೆಂದು ನಾವು ಭಾವಿಸುವುದಿಲ್ಲ. ಕಡತವು ಎಲ್ಲಿದೆಯೆಂದೇ ತಿಳಿಯದ ಕಚೇರಿಯಲ್ಲಿ ಸದಿಚ್ಛೆಯೂ ನಿಷ್ಫಲ. ಆದುದರಿಂದಲೇ ಅಧಿನಿಯಮವು, ಅರ್ಜಿಯ ವಿಚಾರಕ್ಕೆ ಬರುವ ಮುನ್ನವೇ, ದಾಖಲೆಗಳನ್ನು ವರ್ಗೀಕರಿಸಿ ಸೂಚಿಯೊಡನೆ ಕಾಪಾಡಬೇಕೆಂದೂ ಮುಖ್ಯ ವಿವರಗಳನ್ನು ತಾನಾಗಿಯೇ ಪ್ರಕಟಿಸಬೇಕೆಂದೂ 4ನೆಯ ಕಲಮಿನಲ್ಲಿ ವಿಧಿಸಿದೆ. ಪ್ರವೇಶ, ನೇಮಕ, ಪರೀಕ್ಷೆ, ವಿದ್ಯಾರ್ಥಿವೇತನ ಇವುಗಳ ದಾಖಲೆಗಳನ್ನು ಹೀಗೆ ಇಟ್ಟುಕೊಂಡ ವಿಭಾಗಕ್ಕೆ ಮಾಹಿತಿಯ ಕೋರಿಕೆಯು ಭಾರವೆನಿಸದು. ಅಂಥ ಕೋರಿಕೆಗಳ ಸಂಖ್ಯೆಯೂ ಕ್ರಮೇಣ ಇಳಿಯುವುದೆಂದು ನಂಬಬಹುದು.