ಹೆರಿಗೆ ಕೋಣೆಯ ನಲ್ಲಿಯಲ್ಲಿ ನೀರು ಬರುತ್ತಾ?



ಹೆರಿಗೆ ಮನೆಯಲ್ಲಿ ಬೇಡ, ಆಸ್ಪತ್ರೆಗೇ ಹೋಗಿ ಎಂದು ನಾವು ಸಂಘದ ಸಭೆಗಳಲ್ಲಿ ವರ್ಷಗಟ್ಟಲೆ ಹೇಳಿದ್ದೇವೆ. ಆ ಮಾತು ಫಲ ಕೊಟ್ಟಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ 100 ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 97ಕ್ಕೆ ಏರಿದೆ. ಆದರೆ ಅಷ್ಟು ದೂರ ಹೋದ ಮೇಲೆ ಅಲ್ಲಿ ನಲ್ಲಿಯಲ್ಲಿ ನೀರೇ ಇಲ್ಲದಿದ್ದರೆ?

ಬಾಣಂತಿಗೆ ಜ್ವರ ಬಂದು, ಕೆಟ್ಟ ವಾಸನೆಯ ಸ್ರಾವ ಶುರುವಾದರೆ ಹಿರಿಯರು "ನಂಜಾಗಿದೆ, ಬದನೆಕಾಯಿ ತಿಂದಳೇನೋ" ಅಂತಾರೆ. ಪಾಪ, ಬದನೆಕಾಯಿ ಏನೂ ಮಾಡಿಲ್ಲ! ಈ ನಂಜು ರೋಗಾಣುಗಳಿಂದ ಬರುತ್ತದೆ. ತೊಳೆಯದ ಕೈ, ಸರಿಯಾಗಿ ಶುದ್ಧ ಮಾಡದ ಕತ್ತರಿ, ಒಬ್ಬರ ರಕ್ತ ಬಿದ್ದ ಮೇಜಿನ ಮೇಲೆ ಒರೆಸದೆ ಇನ್ನೊಬ್ಬರನ್ನು ಮಲಗಿಸುವುದು, ಇವೇ ಅದರ ದಾರಿಗಳು. ಇಂಥ ಜ್ವರ ಬಂದರೆ ಕಷಾಯ ಕುಡಿಸುತ್ತಾ ಕೂರಬೇಡಿ. ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ತಡವಾದರೆ ಜೀವವೇ ಹೋಗಬಹುದು.

ಇದನ್ನು ಮೊದಲು ಅಂಕಿಸಂಖ್ಯೆ ಸಮೇತ ತೋರಿಸಿದವರಲ್ಲಿ ಒಬ್ಬರು ಹಂಗೇರಿಯ ಡಾಕ್ಟರ್ ಇಗ್ನಾಜ್ ಸೆಮ್ಮೆಲ್ವೈಸ್. ವಿಯೆನ್ನಾ ನಗರದ ಅವರ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದನ್ನು ಡಾಕ್ಟರರು, ವಿದ್ಯಾರ್ಥಿಗಳು ನೋಡುತ್ತಿದ್ದರು, ಇನ್ನೊಂದನ್ನು ಸೂಲಗಿತ್ತಿಯರು. ಡಾಕ್ಟರರ ವಾರ್ಡಿನಲ್ಲೇ ಸಾವು ಜಾಸ್ತಿ. ಸೂಲಗಿತ್ತಿಯರ ವಾರ್ಡಿಗೇ ಹಾಕಿ ಎಂದು ಹೆಂಗಸರು ಅಂಗಲಾಚುತ್ತಿದ್ದರಂತೆ. ಹೆಣ ಕೊಯ್ದ ಕೈಯಲ್ಲೇ ಡಾಕ್ಟರರು ಹೆರಿಗೆಗೆ ಬರುತ್ತಿದ್ದರು, ಅದೇ ಕಾರಣ. 1847ರಲ್ಲಿ ಸೆಮ್ಮೆಲ್ವೈಸ್ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟುನಿಟ್ಟು ಮಾಡಿದರು. 1846ರಲ್ಲಿ ಆ ವಾರ್ಡಿನಲ್ಲಿ 100 ತಾಯಂದಿರಲ್ಲಿ 11 ಮಂದಿ ಸತ್ತಿದ್ದರೆ, 1848ರಲ್ಲಿ 100ಕ್ಕೆ ಸುಮಾರು ಒಬ್ಬರು. ಆ ಕ್ಲೋರಿನ್ ಸುಣ್ಣ ಬೇರೇನೂ ಅಲ್ಲ, ನಮ್ಮ ಪಂಚಾಯಿತಿಯವರು ಚರಂಡಿಗೆ ಚೆಲ್ಲುವ ಬ್ಲೀಚಿಂಗ್ ಪೌಡರೇ. ಇಷ್ಟಾದರೂ ಬಹಳ ಡಾಕ್ಟರರು ಅವರ ಮಾತು ಒಪ್ಪಲಿಲ್ಲ. ದೊಡ್ಡವರ ಕೈಯನ್ನು ಕೊಳಕು ಅಂದರೆ ಯಾರಿಗೆ ತಾನೇ ಹಿಡಿಸುತ್ತೆ?

ಈಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರೋಣ. ನರ್ಸಮ್ಮನಿಗೆ ಕೈ ತೊಳೆಯಬೇಕೆಂದು ಗೊತ್ತಿಲ್ಲದೆ ಏನಿಲ್ಲ. ಕರೆಂಟು ಇಲ್ಲ, ಬೋರ್‌ವೆಲ್ ಮೋಟಾರು ಸುಟ್ಟಿದೆ, ಟ್ಯಾಂಕು ಖಾಲಿ. ಅವರಾದರೂ ಏನು ಮಾಡಿಯಾರು? ಬಕೆಟ್‌ನಲ್ಲಿ ಹಿಡಿದಿಟ್ಟ ನೀರಿಗೇ ಎಲ್ಲರೂ ಕೈ ಅದ್ದುವ ಹಾಗಾಗುತ್ತದೆ. ಅದ್ದಿದರೆ ಕೈ ಶುದ್ಧವಾಗೋದಿಲ್ಲ, ಬಕೆಟ್ಟೇ ಕೆಡುತ್ತದೆ. ನಲ್ಲಿ ಇಲ್ಲದಿದ್ದರೆ ಒಬ್ಬರು ಮಗ್ಗಿನಿಂದ ಹೊಯ್ಯಬೇಕು, ಇನ್ನೊಬ್ಬರು ಸೋಪು ಹಚ್ಚಿ ಬೆರಳ ಸಂದು, ಉಗುರು ಎಲ್ಲ ಉಜ್ಜಿ ತೊಳೆಯಬೇಕು. ಒಟ್ಟು 40ರಿಂದ 60 ಸೆಕೆಂಡು. ಆಮೇಲೆ ಎಲ್ಲರೂ ಒರೆಸಿದ ಟವೆಲ್‌ಗೇ ಒರೆಸಿಕೊಂಡರೆ ತೊಳೆದದ್ದು ದಂಡ. ಹೆರಿಗೆ ಕೋಣೆಯಲ್ಲಿ ಮೊಣಕೈಯಿಂದ ತಿರುಗಿಸುವ ನಲ್ಲಿ ಹಾಕುವುದೂ ಇದಕ್ಕೇ, ತೊಳೆದ ಕೈ ಮತ್ತೆ ನಲ್ಲಿ ಮುಟ್ಟಬಾರದು.

ಟ್ಯಾಂಕಿನ ನೀರಿಗೂ ಲೆಕ್ಕವಿದೆ. ತಿಳಿಯಾದ 1000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರು ಸುಮಾರು 2.5 ಗ್ರಾಂ ಬೇಕು. ನೀರು ಕೆಟ್ಟಿದ್ದರೆ ಇನ್ನೂ ಹೆಚ್ಚು. ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಬೇಕು. ಬಾಯಿ ಬಿಚ್ಚಿಟ್ಟು ಹಳೆಯದಾದ, ಘಾಟು ಹೋದ ಪೌಡರಿನಲ್ಲಿ ಸತ್ವ ಇರೋದಿಲ್ಲ.

ಇದನ್ನೆಲ್ಲ ಕೇಳೋಕೆ ನಾವ್ಯಾರು ಅನ್ನಬೇಡಿ. ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ; ಊರಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿ ಇದೆ, ಅದರಲ್ಲಿ ಸ್ವಸಹಾಯ ಸಂಘದವರಿಗೂ ಸ್ಥಾನವಿದೆ. ಇಂಥ ಸಣ್ಣಪುಟ್ಟ ಕೆಲಸಕ್ಕೆಂದೇ ಮುಕ್ತ ನಿಧಿ ಕೊಡುತ್ತಾರೆ. ನಲ್ಲಿ ರಿಪೇರಿಗೆ, ಟ್ಯಾಂಕು ತೊಳೆಸಲಿಕ್ಕೆ ಅದರಿಂದ ಕೇಳಬಹುದು. ಮುಂದಿನ ಸಲ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಹೆರಿಗೆ ಕೋಣೆಯ ಹೊರಗಿನ ನಲ್ಲಿಯನ್ನೊಮ್ಮೆ ತಿರುಗಿಸಿ ನೋಡಿ. ಪಕ್ಕದಲ್ಲಿ ಸೋಪು ಇದೆಯಾ, ಶೌಚಾಲಯಕ್ಕೆ ನೀರಿದೆಯಾ ಎಂದೂ ನೋಡಿ. ಇಲ್ಲದಿದ್ದರೆ ನರ್ಸಮ್ಮನ ಮೇಲೆ ರೇಗಬೇಡಿ. ಸಂಘದ ನಡವಳಿ ಪುಸ್ತಕದಲ್ಲಿ ತಾರೀಕು ಹಾಕಿ ಬರೆದು, ಎಲ್ಲರೂ ಸಹಿ ಮಾಡಿ, ಒಂದು ಪ್ರತಿ ವೈದ್ಯಾಧಿಕಾರಿಗೆ, ಒಂದು ಪಂಚಾಯಿತಿಗೆ ಕೊಡಿ. ಸ್ವೀಕೃತಿ ಪಡೆಯೋದು ಮರೀಬೇಡಿ.