‘ಸಂಶೋಧನೆಯಿಂದ ಸಾಬೀತಾಗಿದೆ’ ಅಂತಾರೆ, ಆ ಸಂಶೋಧನೆ ಹುಡುಕಿದರೆ ಯಾಕೆ ಸಿಗುವುದಿಲ್ಲ?

ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಅದರ ಸಾರಾಂಶ ಇಷ್ಟು: ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದ್ದರೆ ಹೆದರಬೇಡಿ, ದಿನಾ ಹುಣಸೆಹಣ್ಣಿನ ಪಾನಕ ಕುಡಿಯಿರಿ, ಫ್ಲೋರೈಡ್ ಎಲ್ಲ ಮೈಯಿಂದ ಹೊರಗೆ ಹೋಗುತ್ತದೆ, ಫಿಲ್ಟರ್ ನೀರು ಬೇಕಾಗಿಲ್ಲ. ಕೊನೆಯಲ್ಲಿ ಮಾಮೂಲಿ ಸಾಲು, ‘ಅಮೆರಿಕದ ಸಂಶೋಧನೆಯಿಂದ ಸಾಬೀತಾಗಿದೆ’.

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯಲ್ಲಿರುವ ನಮ್ಮ ಚಿಕ್ಕಮ್ಮ ತಕ್ಷಣ ಫೋನ್ ಮಾಡಿದರು. ಅವರ ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿತ್ತು. ಪಕ್ಕದ ಊರಿನಿಂದ ಕ್ಯಾನ್‌ನಲ್ಲಿ ನೀರು ತರುವುದು ಸಾಕಾಗಿಹೋಗಿತ್ತು. ಮೊಮ್ಮಗಳಿಗೆ ಆರು ವರ್ಷ. “ನೀನು ಎಂ.ಎ. ಓದಿದೀಯಲ್ಲಮ್ಮ, ಇದು ನಿಜಾನಾ ಸುಳ್ಳಾ ಗೂಗಲ್‌ನಲ್ಲಿ ನೋಡಿ ಹೇಳು. ನಿಜ ಆದ್ರೆ ನಾಳೆಯಿಂದ ಬೋರ್ ನೀರೇ ಕುಡೀತೀವಿ” ಅಂದರು. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಮೂರು ಸಂಜೆ ಹಿಡಿಯಿತು.

ಸಂಶೋಧನಾ ಲೇಖನಗಳನ್ನು ಹುಡುಕಲು ಬೇರೆಯದೇ ಜಾಗಗಳಿವೆ. ಗೂಗಲ್ ಸ್ಕಾಲರ್ ಎಲ್ಲ ವಿಷಯಗಳಿಗೂ ಆಗುತ್ತದೆ. ಪಬ್‌ಮೆಡ್ ಆರೋಗ್ಯಕ್ಕೆ ಸಂಬಂಧಿಸಿದ್ದು, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವಂಥದ್ದು. ನಮ್ಮ ದೇಶದ ಪಿಎಚ್.ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ. ಮೂರರಲ್ಲೂ ಹುಡುಕಾಟ ಉಚಿತ, ಮೊಬೈಲ್‌ನಲ್ಲೂ ತೆರೆಯುತ್ತವೆ. ಆದರೆ ಇವು ನಾವು ದಿನಾ ಬಳಸುವ ಗೂಗಲ್‌ನಂತೆ ನಮ್ಮ ಮನಸ್ಸನ್ನು ಊಹಿಸಿ ಉತ್ತರ ಕೊಡುವುದಿಲ್ಲ. ಪಬ್‌ಮೆಡ್ ಮುಖ್ಯವಾಗಿ ನೋಡುವುದು ಲೇಖನದ ಶೀರ್ಷಿಕೆ, ಸಾರಾಂಶ ಮತ್ತು ವಿಷಯಸೂಚಿ ಪದಗಳನ್ನು. ನಾವು ಬಳಸಿದ ಪದ ಅಲ್ಲಿ ಇಲ್ಲದಿದ್ದರೆ ಲೇಖನ ಕಣ್ಣೆದುರಿಗೇ ಇದ್ದರೂ ಕಾಣುವುದಿಲ್ಲ.

ಮೊದಲು ಸ್ಕಾಲರ್‌ನಲ್ಲಿ ಇಂಗ್ಲಿಷಿನಲ್ಲಿ ಬಿ.ದುರ್ಗ, ಫ್ಲೋರೈಡ್ ಎಂದು ಹಾಕಿದೆ. ನಮ್ಮ ಹೋಬಳಿ ಅದಕ್ಕೆ ಒಬ್ಬ ಲೇಖಕಿಯಾಗಿ ಕಂಡಿತು! ದುರ್ಗಾ ಎಂಬ ಹೆಸರಿನ, ಬಿ ಇನಿಶಿಯಲ್ ಇರುವವರು ಬರೆದದ್ದೆಲ್ಲ ಸಾಲಾಗಿ ಬಂತು. ಚಿತ್ರದುರ್ಗ ಎಂದು ಹಾಕಿದರೆ ಕಲ್ಲು, ಬಂಡೆ, ಚಿನ್ನ, ತಾಮ್ರ. ಚಿತ್ರದುರ್ಗದ ಶಿಲಾಪಟ್ಟಿ ಭೂವಿಜ್ಞಾನಿಗಳಿಗೆ ಅಷ್ಟು ಪ್ರಿಯವಾದ ವಿಷಯ. ಬ್ರಿಟಿಷರ ಕಾಲದ ಬರಹಗಳು ಬೇಕಿದ್ದರೆ ‘ಚಿತಲ್‌ದ್ರೂಗ್’ ಎಂಬ ಹಳೆಯ ಕಾಗುಣಿತದಲ್ಲೇ ಹುಡುಕಬೇಕು.

ಹೊಸದುರ್ಗದ ಕಥೆ ಇನ್ನೂ ಗೋಜಲು. ಕೇರಳದ ಕಾಸರಗೋಡು ಜಿಲ್ಲೆಯಲ್ಲೂ ಒಂದು ಹೊಸದುರ್ಗ ತಾಲ್ಲೂಕಿದೆ. ನನಗೆ ಅಂತರ್ಜಲದ ಒಂದು ಲೇಖನ ಸಿಕ್ಕಿತು, ಅರ್ಧ ಓದಿದ ಮೇಲೆ ಸಮುದ್ರತೀರ, ಜಂಬಿಟ್ಟಿಗೆ ಕಲ್ಲು ಎಂದೆಲ್ಲ ಬರತೊಡಗಿದಾಗ ಇದು ನಮ್ಮ ಬಯಲುಸೀಮೆಯಲ್ಲ ಎಂದು ಗೊತ್ತಾಯಿತು. ಅಲ್ಲಿನ ಮಳೆ, ಮಣ್ಣು, ನೀರು ಎಲ್ಲವೂ ಬೇರೆ. ಯಾರಾದರೂ ‘ಹೊಸದುರ್ಗದ ನೀರು ಸುರಕ್ಷಿತ, ಸಂಶೋಧನೆ ಹೇಳಿದೆ’ ಎಂದು ಫಾರ್ವರ್ಡ್ ಮಾಡಿದರೆ ಯಾವ ಹೊಸದುರ್ಗ ಎಂದು ಕೇಳಲೇಬೇಕು. ಜಿಲ್ಲೆಯ ಅಂಕಿಅಂಶದಲ್ಲೂ ಇದೇ ತೊಡಕು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು. ಅದಕ್ಕಿಂತ ಹಿಂದಿನ ಲೇಖನದಲ್ಲಿ ‘ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ದಾವಣಗೆರೆ, ಹರಿಹರ, ಜಗಳೂರು ಕೂಡ ಅದರೊಳಗೇ ಇರುತ್ತವೆ.

ಊರಿನ ಹೆಸರಿನಿಂದ ಹುಡುಕುವುದೇ ತಪ್ಪು ದಾರಿ ಎಂದು ನನಗೆ ಹೊಳೆದದ್ದು ಎರಡನೇ ಸಂಜೆ. ವಿಜ್ಞಾನಿಗಳು ಶೀರ್ಷಿಕೆಯಲ್ಲಿ ಹಳ್ಳಿ, ಹೋಬಳಿಯ ಹೆಸರು ಹಾಕುವುದು ಅಪರೂಪ. ನದಿ ಕಣಿವೆ, ಗಟ್ಟಿ ಶಿಲೆಯ ಪ್ರದೇಶ, ಅರೆಶುಷ್ಕ ಪ್ರದೇಶ ಎಂದು ಬರೆಯುತ್ತಾರೆ. ಹಿರಿಯೂರಿನ ನೀರಿನ ಬಗ್ಗೆ ಬೇಕಿದ್ದರೆ ವೇದಾವತಿ ಎಂದು ಹುಡುಕಿ ನೋಡಿ, ಅದನ್ನೂ ಇಂಗ್ಲಿಷಿನಲ್ಲಿ ‘ಎಚ್’ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ. ವಾಣಿವಿಲಾಸ ಸಾಗರವನ್ನು ಮಾರಿಕಣಿವೆ ಎಂಬ ಹೆಸರಿನಲ್ಲೂ ಹುಡುಕಬೇಕು. ಫ್ಲೋರೈಡ್ ಎಂಬ ಪದದಲ್ಲೇ ಒಂದು ಗುಂಡಿ ಇದೆ: ಇಂಗ್ಲಿಷಿನಲ್ಲಿ ‘ಎಲ್’ ಆದ ಮೇಲೆ ‘ಯು’ ಮೊದಲು, ‘ಒ’ ಆಮೇಲೆ. ಅದಲುಬದಲಾದರೆ ಹಿಟ್ಟಿನ ಪದವಾಗುತ್ತದೆ. ಈ ತಪ್ಪು ಕೆಲವು ಪ್ರಕಟಿತ ಲೇಖನಗಳಲ್ಲೂ ಇರುವುದರಿಂದ ತಪ್ಪು ಕಾಗುಣಿತದಲ್ಲಿ ಹುಡುಕಿದರೂ ಏನೋ ಸಿಗುತ್ತದೆ, ಸಿಗಬೇಕಾದದ್ದು ಸಿಗುವುದಿಲ್ಲ.

ಕನ್ನಡದಲ್ಲೇ ಹುಡುಕಬಾರದೇ ಎಂದು ನೀವು ಕೇಳಬಹುದು. ಹುಡುಕಿದೆ. ಶೋಧಗಂಗಾದಲ್ಲಿ ಕನ್ನಡ ಪ್ರಬಂಧಗಳಿವೆ. ಆದರೆ ಎಷ್ಟೋ ಪ್ರಬಂಧಗಳ ಪುಟಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಅವುಗಳ ಒಳಗಿನ ಅಕ್ಷರ ಕಂಪ್ಯೂಟರಿಗೆ ಕಾಣದು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದವಂತೂ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಚಿಹ್ನೆಗಳ ರಾಶಿ. ‘ಹುಣಸೆಹಣ್ಣು’ ಎಂದು ಯೂನಿಕೋಡ್‌ನಲ್ಲಿ ಹುಡುಕಿದರೆ ಅದಕ್ಕೆ ಹೊಂದುವುದು ಏನೂ ಇರುವುದಿಲ್ಲ. ನಾಲ್ಕೈದು ವರ್ಷ ಕೂತು ಬರೆದ ಪ್ರಬಂಧಗಳು ಹೀಗೆ ಯಾರ ಕೈಗೂ ಸಿಗದೆ ಬಿದ್ದಿವೆ ಎಂದು ನೆನೆದರೆ ಸಂಕಟವಾಗುತ್ತದೆ.

ಕೊನೆಗೆ ಊರಿನ ಹೆಸರು ಬಿಟ್ಟು, ಇಂಗ್ಲಿಷಿನಲ್ಲಿ ಹುಣಸೆ ಮತ್ತು ಫ್ಲೋರೈಡ್ ಎರಡನ್ನೇ ಹಾಕಿದೆ. ರಾಶಿ ಫಲಿತಾಂಶಗಳು! ಖುಷಿಯಾಯಿತು, ಆದರೆ ಅವುಗಳಲ್ಲಿ ಬಹಳಷ್ಟು ಹುಣಸೆ ಬೀಜ ಅಥವಾ ಹುಣಸೆಕಾಯಿ ಸಿಪ್ಪೆಯ ಪುಡಿಯಿಂದ ಪ್ರಯೋಗಾಲಯದಲ್ಲಿ ನೀರಿನ ಫ್ಲೋರೈಡ್ ಹೀರಿಸುವ ಬಗ್ಗೆ. ಅದಕ್ಕೂ ಪಾನಕ ಕುಡಿಯುವುದಕ್ಕೂ ಸಂಬಂಧವಿಲ್ಲ. ‘ಮೂತ್ರ’ ಎಂಬ ಪದವನ್ನೂ ಸೇರಿಸಿದಾಗ ಬೇಕಾದದ್ದು ಮೇಲೆ ಬಂತು.

ಅದು ಅಮೆರಿಕದ್ದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ವಿಜ್ಞಾನಿಗಳದ್ದು. ಯುರೋಪಿಯನ್ ಜರ್ನಲ್ ಆಫ್ ಕ್ಲಿನಿಕಲ್ ನ್ಯೂಟ್ರಿಷನ್ ಎಂಬ ಪತ್ರಿಕೆಯಲ್ಲಿ 2002ರಲ್ಲಿ ಪ್ರಕಟವಾದದ್ದು. 20 ಹುಡುಗರನ್ನು ಸೇರಿಸಿಕೊಂಡಿದ್ದರು, ಕೊನೆಯವರೆಗೆ ಉಳಿದವರು 18. ಮಧ್ಯಾಹ್ನದ ಊಟದ ಜೊತೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣು, 18 ದಿನ. ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ದಿನಕ್ಕೆ 3.5 ಮಿಲಿಗ್ರಾಂ ಇದ್ದದ್ದು 4.8 ಮಿಲಿಗ್ರಾಂಗೆ ಏರಿತು. ಮೆಗ್ನೀಸಿಯಂ ಮತ್ತು ಸತುವಿನ ವಿಸರ್ಜನೆ ಕಡಿಮೆಯಾಯಿತು.

ಅಂದರೆ ಫಾರ್ವರ್ಡ್‌ನ ಬೇರು ಪೂರ್ತಿ ಸುಳ್ಳಲ್ಲ. ಸುಳ್ಳು ಸೇರಿಕೊಂಡದ್ದು ಆಮೇಲೆ. ಹುಣಸೆಯಿಂದ ಫ್ಲೋರೋಸಿಸ್ ಹೆಚ್ಚುವುದು ನಿಧಾನವಾಗಬಹುದು ಎಂದಷ್ಟೇ ಆ ಲೇಖನದ ತೀರ್ಮಾನ. ‘ಎಲ್ಲ ಹೊರಹೋಗುತ್ತದೆ’ ಎಂದಾಗಲಿ, ಫ್ಲೋರೈಡ್ ನೀರನ್ನೇ ಕುಡಿಯಿರಿ ಎಂದಾಗಲಿ ಅಲ್ಲಿಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ. ಚಿಕ್ಕ ಮಕ್ಕಳಲ್ಲಿ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗಲೇ ಹೆಚ್ಚಿನ ಫ್ಲೋರೈಡ್ ಅವುಗಳನ್ನು ಕೆಡಿಸುತ್ತದೆ. ಆ ಕಲೆ ಉಜ್ಜಿದರೆ ಹೋಗುವಂಥದ್ದಲ್ಲ. ನೀರು ಕುದಿಸಿದರೂ ಫ್ಲೋರೈಡ್ ಹೋಗದು.

ಇಷ್ಟೆಲ್ಲ ನನಗೆ ಸಿಕ್ಕಿದ್ದು ಸಾರಾಂಶದಿಂದ. ಸಾರಾಂಶ ಸಾಮಾನ್ಯವಾಗಿ ಎಲ್ಲರಿಗೂ ಉಚಿತ. ಪೂರ್ತಿ ಓದಲು ಹೋದರೆ ಎಷ್ಟೋ ಪತ್ರಿಕೆಗಳು ಒಂದು ಲೇಖನಕ್ಕೆ 30–40 ಡಾಲರ್ ಕೇಳುತ್ತವೆ. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆಗೂ ಇದೇ ಬೆಲೆ, ಅದು ನನಗೆ ಇವತ್ತಿಗೂ ಜೀರ್ಣವಾಗದ ವಿಷಯ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತವೆ. ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ. ನಮ್ಮ ಚಿಕ್ಕಮ್ಮನಿಗೆ ಅದು ನೇರವಾಗಿ ಸಿಗದು, ಆದರೆ ಸರ್ಕಾರಿ ಕಾಲೇಜಿನಲ್ಲಿ ಓದುವ ಪಕ್ಕದ ಮನೆಯ ಹುಡುಗ ಅಲ್ಲಿನ ಗ್ರಂಥಾಲಯದಲ್ಲಿ ವಿಚಾರಿಸಬಹುದು. ಇನ್ನೊಂದು ದಾರಿ, ಸ್ಕಾಲರ್‌ನಲ್ಲಿ ಲೇಖನದ ಕೆಳಗೆ ‘ಎಲ್ಲ ಆವೃತ್ತಿಗಳು’ ಎಂಬ ಕೊಂಡಿ ಒತ್ತುವುದು. ಕೆಲವೊಮ್ಮೆ ಉಚಿತ ಪಿಡಿಎಫ್ ಅಲ್ಲೇ ಅಡಗಿರುತ್ತದೆ. ಲೇಖಕರಿಗೆ ನೇರವಾಗಿ ಇಮೇಲ್ ಬರೆದರೆ ಪ್ರತಿ ಕಳಿಸುವವರೂ ಇದ್ದಾರೆ, ನನಗೆ ಎರಡು ಸಲ ಹಾಗೆ ಸಿಕ್ಕಿದೆ.

ಸುಲಭ ಎಂದು ಎಐ ಚಾಟ್‌ಬಾಟನ್ನು ಕೇಳಿದರೆ ಒಂದು ಎಚ್ಚರ ಬೇಕು. ಅವು ಇಲ್ಲದ ಲೇಖನಕ್ಕೂ ಶೀರ್ಷಿಕೆ, ವರ್ಷ, ಪುಟಸಂಖ್ಯೆ ಹುಟ್ಟಿಸಿ ಕೊಡುವುದುಂಟು. ಆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಸ್ಕಾಲರ್‌ನಲ್ಲಿ ಹುಡುಕಿ. ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.

ಚಿಕ್ಕಮ್ಮನ ಬೋರ್ ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆ ಎಂಬ ಪ್ರಶ್ನೆಗೆ ಮಾತ್ರ ಯಾವ ಜಾಲತಾಣದಲ್ಲೂ ಉತ್ತರ ಸಿಗಲಿಲ್ಲ. ಅದಕ್ಕೆ ನೀರನ್ನೇ ಪರೀಕ್ಷಿಸಬೇಕು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯ ಇರುವುದೇ ಇದಕ್ಕೆ, ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೇಳಬಹುದು. “ಹಂಗಾದ್ರೆ ಹುಣಸೆಹಣ್ಣು ಬಿಡ್ಬೇಕಾ?” ಅಂತ ಚಿಕ್ಕಮ್ಮ ಕೇಳಿದರು. ಬಿಡಬೇಡಿ, ಸಾರಿಗೆ ಹಾಕಿ, ಕ್ಯಾನ್ ನೀರು ತರುವುದನ್ನೂ ಬಿಡಬೇಡಿ ಅಂದೆ. ಮಾರನೆಯ ದಿನ ಒಂದು ಬಾಟಲಿಯಲ್ಲಿ ಬೋರ್ ನೀರು ತುಂಬಿಕೊಂಡು ಪಂಚಾಯಿತಿಗೆ ಹೋದರಂತೆ.